ಬೇಸ್‌ಬಾಲ್ ತಂಡದ ಫ್ರಂಟ್ ಆಫೀಸ್‌ನಲ್ಲಿ ಕೆಲಸ ಬೇಕಾ? ಇಲ್ಲಿಂದ ಶುರು ಮಾಡಿ

ಅಮೆರಿಕದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ನಾನು ಚಿಕ್ಕ ಬೇಸ್‌ಬಾಲ್ ತಂಡವೊಂದರ ಫ್ರಂಟ್ ಆಫೀಸ್‌ಗೆ ಸೇರಿಕೊಂಡೆ. ಸುದ್ದಿ ಕೇಳಿದ ಅತ್ತೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಯಾವ ಹೋಟ್ಲು?" ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ಫ್ರಂಟ್ ಆಫೀಸ್ ಅಂದರೆ ರಿಸೆಪ್ಷನ್, ರೂಮಿನ ಕೀ ಕೊಡುವ ಕೌಂಟರ್. ಬೇಸ್‌ಬಾಲ್‌ನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಎಷ್ಟು ದುಡ್ಡು ಕೊಡಬೇಕು, ಟಿಕೆಟ್ ಹೇಗೆ ಮಾರಬೇಕು, ಇವೆಲ್ಲ ತೀರ್ಮಾನ ಆಗುವುದು ಅಲ್ಲೇ. ಬ್ಯಾಟ್ ಹಿಡಿಯದೆ ತಂಡ ನಡೆಸುವವರ ಜಾಗ ಅದು.

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗಿ ಈ ಆಟದ ಹುಚ್ಚು ಹಿಡಿಸಿಕೊಂಡವರು, ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು, ಆ ಮಕ್ಕಳ ಅಪ್ಪ ಅಮ್ಮಂದಿರು, ಇವರೆಲ್ಲ ಆಗಾಗ ಈ ಕೆಲಸದ ಬಗ್ಗೆ ಕೇಳುತ್ತಾರೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ನನಗೆ ಬೇಸ್‌ಬಾಲ್ ಅಂದ್ರೆ ಪ್ರಾಣ" ಎನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. ಅರ್ಜಿ ಹಾಕುವ ಎಲ್ಲರಿಗೂ ಅದು ಪ್ರಾಣವೇ. ತಂಡಕ್ಕೆ ತಲೆನೋವಾಗಿರುವ ಒಂದು ಪ್ರಶ್ನೆಗೆ ನೀವು ಉತ್ತರ ಹುಡುಕಬಲ್ಲಿರಾ ಅನ್ನುವುದನ್ನು ಮಾತ್ರ ಅವರು ನೋಡುತ್ತಾರೆ.

ಹೆಜ್ಜೆ 1: ಎರಡು ಬಾಗಿಲಿವೆ, ಒಂದನ್ನು ಆರಿಸಿಕೊಳ್ಳಿ

ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೈಕೆಳಗೆ ನಾಲ್ಕು ಮೈನರ್ ಲೀಗ್ ತಂಡಗಳು. ಟ್ರಿಪಲ್ ಎ, ಡಬಲ್ ಎ, ಹೈ ಎ, ಸಿಂಗಲ್ ಎ ಅಂತ ಮೆಟ್ಟಿಲು ಮೆಟ್ಟಿಲಾಗಿ ಒಟ್ಟು 120. 2021ರಲ್ಲಿ ಇಡೀ ವ್ಯವಸ್ಥೆ ಬದಲಾಗುವ ಮುಂಚೆ 160 ಇದ್ದವು. 40ಕ್ಕೂ ಹೆಚ್ಚು ಊರುಗಳಿಗೆ ಈ ನಂಟು ತಪ್ಪಿಹೋಯಿತು.

ಈ ಎಲ್ಲ ಕಡೆ ಆಫೀಸ್ ಕೆಲಸ ಎರಡು ಬಗೆ. ಒಂದು ವ್ಯಾಪಾರದ ಕಡೆ: ಟಿಕೆಟ್, ಸ್ಪಾನ್ಸರ್, ಮಾರ್ಕೆಟಿಂಗ್, ಮೈದಾನದ ನಿರ್ವಹಣೆ. ಇನ್ನೊಂದು ಆಟದ ಕಡೆ: ಸ್ಕೌಟಿಂಗ್ (ಹೊಸ ಆಟಗಾರರನ್ನು ಹುಡುಕಿ ಅಳೆಯುವುದು), ಆಟಗಾರರ ತರಬೇತಿ, ಅಂಕಿಅಂಶದ ವಿಭಾಗ, ಕಾಂಟ್ರ್ಯಾಕ್ಟ್. ಇದನ್ನು ಬೇಸ್‌ಬಾಲ್ ಆಪರೇಷನ್ಸ್ ಅನ್ನುತ್ತಾರೆ. ಸಿನಿಮಾದಲ್ಲಿ ತೋರಿಸುವುದು ಎರಡನೆಯದನ್ನು. ಖಾಲಿ ಹುದ್ದೆ ಜಾಸ್ತಿ ಇರುವುದು ಮೊದಲನೆಯದರಲ್ಲಿ.

"ಮೊದಲು ಟಿಕೆಟ್ ಮಾರುವ ಕೆಲಸಕ್ಕೆ ಸೇರಿಕೊಂಡು, ಆಮೇಲೆ ಆಟಗಾರರನ್ನು ಆರಿಸುವ ಕಡೆಗೆ ಜಾರಿಕೊಂಡರಾಯಿತು" ಅಂತ ತುಂಬ ಜನ ಲೆಕ್ಕ ಹಾಕುತ್ತಾರೆ. ಹಾಗೆ ದಾಟಿದವರು ಇಲ್ಲವೆಂದಲ್ಲ. ಥಿಯೊ ಎಪ್ಸ್ಟೀನ್ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಪ್ರಚಾರ ವಿಭಾಗದಲ್ಲಿ ಬೇಸಿಗೆಯ ಇಂಟರ್ನ್ ಆಗಿ ಶುರು ಮಾಡಿದವರು. ಆಮೇಲೆ ಸ್ಯಾನ್ ಡಿಯಾಗೊ ಪಾಡ್ರೇಸ್ ಸೇರಿ, ಕೆಲಸದ ಜೊತೆಗೇ ಕಾನೂನು ಓದಿ, 2002ರಲ್ಲಿ 28ನೇ ವಯಸ್ಸಿಗೆ ಬಾಸ್ಟನ್ ರೆಡ್ ಸಾಕ್ಸ್‌ನ ಜನರಲ್ ಮ್ಯಾನೇಜರ್ ಆದರು. ಎರಡೇ ವರ್ಷಕ್ಕೆ, 86 ವರ್ಷದಿಂದ ಕಾದಿದ್ದ ವರ್ಲ್ಡ್ ಸೀರೀಸ್ ಕಪ್ ಬಾಸ್ಟನ್‌ಗೆ ಬಂತು. ಆಮೇಲೆ ಶಿಕಾಗೊ ಕಬ್ಸ್‌ಗೆ ಹೋಗಿ 2016ರಲ್ಲಿ ಅವರ 108 ವರ್ಷದ ಕಾಯುವಿಕೆಯನ್ನೂ ಮುಗಿಸಿದರು. ಆರ್‌ಸಿಬಿಗಾಗಿ 18 ವರ್ಷ "ಈ ಸಲ ಕಪ್ ನಮ್ದೇ" ಅಂದವರಿಗೆ ಆ ಸಂಖ್ಯೆಯ ಭಾರ ಸ್ವಲ್ಪ ಅರ್ಥವಾದೀತು.

ಆದರೆ ಎಪ್ಸ್ಟೀನ್ ತರಹ ದಾಟುವುದು ಅಪರೂಪ. ಈಗ ಆಟದ ಕಡೆಗೆ ನೇರವಾಗಿ ತಯಾರಾಗಿ ಬರುವವರೇ ಬೇಕಾದಷ್ಟಿದ್ದಾರೆ. ಮಾತುಗಾರಿಕೆ ಇದ್ದು ಜನರ ಜೊತೆ ಬೆರೆಯುವುದು ಇಷ್ಟವಾದರೆ ವ್ಯಾಪಾರದ ಕಡೆ ಹೋಗಿ, ಅದೇ ಒಂದು ಒಳ್ಳೆಯ ವೃತ್ತಿ. ಆಟದ ಕಡೆಯೇ ಬೇಕಿದ್ದರೆ ಮೊದಲ ದಿನದಿಂದ ಅದಕ್ಕೇ ಸಿದ್ಧತೆ ಮಾಡಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಎಲ್ಲಿಗೂ ಮುಟ್ಟುವುದಿಲ್ಲ.

ಹೆಜ್ಜೆ 2: ಆಟದ ನಿಯಮ ಬಿಡಿ, ಆಫೀಸಿನ ನಿಯಮ ಕಲಿಯಿರಿ

ಸ್ಟ್ರೈಕ್ ಅಂದರೇನು, ಬಾಲ್ ಅಂದರೇನು ಅನ್ನುವುದನ್ನು ಟಿವಿ ನೋಡಿ ಯಾರು ಬೇಕಾದರೂ ಕಲಿಯಬಹುದು. ಆಫೀಸಿನವರು ದಿನವಿಡೀ ತಲೆ ಕೆಡಿಸಿಕೊಳ್ಳುವುದು ಬೇರೆ ನಿಯಮಗಳ ಬಗ್ಗೆ. 26 ಜನರ ಪಟ್ಟಿ (ಮೇಜರ್ ಲೀಗ್‌ನಲ್ಲಿ ಆಡುವವರು), 40 ಜನರ ಪಟ್ಟಿ (ಅವರ ಜೊತೆಗೆ ಮೀಸಲಿಟ್ಟುಕೊಂಡವರು), ಆಪ್ಷನ್ ವರ್ಷಗಳು (ಆಟಗಾರನನ್ನು ಮೈನರ್ ಲೀಗ್‌ಗೆ ಇಳಿಸಿ ವಾಪಸ್ ಕರೆಸಬಹುದಾದ ವರ್ಷಗಳು), ರೂಲ್ 5 ಡ್ರಾಫ್ಟ್ (ಬೇರೆ ತಂಡದ 40ರ ಪಟ್ಟಿಯಲ್ಲಿ ಇಲ್ಲದವರನ್ನು ಆರಿಸಿಕೊಳ್ಳುವುದು), ಆರ್ಬಿಟ್ರೇಷನ್. ಇವುಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ರುಚಿ ಹತ್ತಿದರೆ ಉಳಿದದ್ದನ್ನು ನೀವೇ ಓದಿಕೊಳ್ಳುತ್ತೀರಿ.

ಆಟಗಾರನೊಬ್ಬ ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಅವನಿಗೆ ಒಂದು ಸರ್ವಿಸ್ ವರ್ಷ ಸಿಕ್ಕಿದ ಹಾಗೆ. ಸಾಮಾನ್ಯವಾಗಿ ಮೂರು ವರ್ಷ ಆದಮೇಲೆ ಸಂಬಳಕ್ಕಾಗಿ ಪಂಚಾಯ್ತಿ ಕೂರಿಸುವ ಹಕ್ಕು ಬರುತ್ತದೆ, ಅದೇ ಆರ್ಬಿಟ್ರೇಷನ್. ಆರು ವರ್ಷಕ್ಕೆ ಪೂರ್ತಿ ಬಿಡುಗಡೆ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಈಗ 2015ಕ್ಕೆ ಬನ್ನಿ. ಕಬ್ಸ್‌ನ ಹೊಸ ಹುಡುಗ ಕ್ರಿಸ್ ಬ್ರಯಂಟ್ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಚೆಂಡನ್ನು ಮನಬಂದಂತೆ ಬಾರಿಸುತ್ತಿದ್ದ. ಆದರೂ ತಂಡ ಅವನನ್ನು ಸೀಸನ್ನಿನ ಮೊದಲ ಕೆಲವು ದಿನ ಮೈನರ್ ಲೀಗ್‌ನಲ್ಲೇ ಇಟ್ಟಿತು. ಏಪ್ರಿಲ್ 17ಕ್ಕೆ ಮೇಲೆ ಕರೆಸಿತು. ವರ್ಷದ ಕೊನೆಗೆ ಅವನ ಲೆಕ್ಕ ಎಷ್ಟಾಯಿತು ಗೊತ್ತಾ? 171 ದಿನ. ಒಂದೇ ಒಂದು ದಿನ ಕಡಿಮೆ! ಆ ಒಂದು ದಿನದಿಂದ ಅವನ ಬಿಡುಗಡೆ ಇಡೀ ಒಂದು ವರ್ಷ ಮುಂದೆ ಹೋಯಿತು. ಅವನು ದೂರು ಕೊಟ್ಟ. 2020ರಲ್ಲಿ ತೀರ್ಪು ತಂಡದ ಪರವಾಗಿಯೇ ಬಂತು.

ಇದು ಸರಿಯಾ ತಪ್ಪಾ ಅಂತ ಚರ್ಚೆ ಮಾಡಬಹುದು. ನನಗಂತೂ ಸರಿ ಅನಿಸಲಿಲ್ಲ. ಆದರೆ ಆ ಕ್ಯಾಲೆಂಡರ್ ಹಿಡಿದುಕೊಂಡು ಕೂತವರು ಯಾರು? ಫ್ರಂಟ್ ಆಫೀಸ್‌ನವರು. ನೀವು ಸೇರಬೇಕು ಅಂದುಕೊಂಡಿರುವ ಕೋಣೆ ಅದು.

ಅಭ್ಯಾಸಕ್ಕೆ ಹೀಗೆ ಮಾಡಿ. ಒಂದು ತಂಡ ಆರಿಸಿಕೊಳ್ಳಿ. ಅದರ 40 ಜನರ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯಿರಿ. ಪ್ರತಿ ಹೆಸರಿನ ಮುಂದೆ ಸರ್ವಿಸ್ ಎಷ್ಟು, ಆಪ್ಷನ್ ಎಷ್ಟು ಉಳಿದಿದೆ, ಸಂಬಳ ಎಷ್ಟು ಅಂತ ತುಂಬಿಸಿ. ನಾಳೆ ಒಬ್ಬ ಪಿಚರ್‌ಗೆ ಮೊಣಕೈ ನೋವು ಬಂದರೆ ಯಾರನ್ನು ಮೇಲೆ ತರುತ್ತೀರಿ, ಅವನಿಗೆ ಜಾಗ ಮಾಡಲು ಯಾರನ್ನು ತೆಗೆಯುತ್ತೀರಿ? ಒಂದು ಸೀಸನ್ ಪೂರ್ತಿ, ಅಂದರೆ 162 ಪಂದ್ಯ, ಇದನ್ನು ಮಾಡಿ. ತಂಡ ನಿಜವಾಗಿ ಮಾಡಿದ್ದನ್ನು ನಿಮ್ಮ ಉತ್ತರದ ಪಕ್ಕದಲ್ಲಿಟ್ಟು ನೋಡಿ. ಯಾವ ಕೋರ್ಸ್ ಕೂಡ ಇಷ್ಟು ಕಲಿಸುವುದಿಲ್ಲ.

ಹೆಜ್ಜೆ 3: ಕೈಯಲ್ಲಿ ಒಂದು ಕಸುಬು ಇರಲಿ

ಅಂಕಿಅಂಶದ ಕಡೆಗೆ ಹೋಗುವವರಿಗೆ ಪೈಥಾನ್ ಅಥವಾ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಜೊತೆಗೆ ದತ್ತಾಂಶ ಹೊರತೆಗೆಯುವ ಎಸ್‌ಕ್ಯೂಎಲ್ ಬರಲೇಬೇಕು. ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ಇದು ದೊಡ್ಡ ವಿಷಯವಲ್ಲ. ದತ್ತಾಂಶಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಮೇಜರ್ ಲೀಗ್‌ನವರ ಬೇಸ್‌ಬಾಲ್ ಸಾವಂತ್ ತಾಣದಲ್ಲಿ ಪ್ರತಿ ಎಸೆತದ ವೇಗ, ತಿರುವು, ಬ್ಯಾಟಿಗೆ ಬಿದ್ದ ಚೆಂಡಿನ ವೇಗ, ಕೋನ ಎಲ್ಲ ಸಿಗುತ್ತದೆ. 2015ರಲ್ಲಿ ಶುರುವಾದ ಈ ವ್ಯವಸ್ಥೆಯ ಹೆಸರು ಸ್ಟ್ಯಾಟ್‌ಕಾಸ್ಟ್. 2020ರಿಂದ ಅದರ ಹಿಂದೆ ಇರುವುದು ಹಾಕ್-ಐ ಕ್ಯಾಮೆರಾಗಳು. ಹೌದು, ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯೂ ರಿವ್ಯೂ ತೋರಿಸುವ ಅದೇ ಹಾಕ್-ಐ. ಹಳೆಯ ಪಂದ್ಯಗಳ ಲೆಕ್ಕ ಬೇಕಾದರೆ 1989ರಲ್ಲಿ ಶುರುವಾದ ರೆಟ್ರೋಶೀಟ್ ಇದೆ. ಸ್ವಯಂಸೇವಕರು ಹಳೇ ಸ್ಕೋರ್‌ಶೀಟುಗಳನ್ನು ಹುಡುಕಿ ಹುಡುಕಿ ಕಟ್ಟಿದ ಭಂಡಾರ, ಪೂರ್ತಿ ಉಚಿತ.

ಸ್ಕೌಟಿಂಗ್ ಬೇಕೆನ್ನುವವರು 20ರಿಂದ 80ರವರೆಗಿನ ಅಳತೆ ಕಲಿಯಬೇಕು. 50 ಅಂದರೆ ಮೇಜರ್ ಲೀಗ್‌ನ ಸರಾಸರಿ ಆಟಗಾರ. ಕಾಲೇಜು ಪಂದ್ಯಕ್ಕೆ ಹೋಗಿ, ಸ್ಟಾಪ್‌ವಾಚ್ ಹಿಡಿದು ಕೂತು, ವರದಿ ಬರೆದು ಬರೆದು ಕೈ ಪಳಗಿಸಿಕೊಳ್ಳಿ. ಕಾನೂನು ಓದಿದವರಿಗೆ ಕಾಂಟ್ರ್ಯಾಕ್ಟ್ ಮತ್ತು ಆರ್ಬಿಟ್ರೇಷನ್ ಕಡೆ ದಾರಿಯಿದೆ. ದೇಹದ ಚಲನೆಯ ವಿಜ್ಞಾನ ಓದಿದವರಿಗೂ ಈಗ ಬೇಡಿಕೆ ಇದೆ.

ಇದೆಲ್ಲದರ ಜೊತೆಗೆ ಸ್ಪ್ಯಾನಿಷ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. 30 ತಂಡಗಳೂ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಅಕಾಡೆಮಿ ಇಟ್ಟಿವೆ. ಹದಿನಾರು ಹದಿನೇಳರ ಹುಡುಗರು ಅಲ್ಲಿಂದ, ವೆನೆಜುವೆಲಾದಿಂದ ಬರುತ್ತಾರೆ. ಅವರ ಜೊತೆ ಎರಡು ಮಾತಾಡಲು ಬಂದರೆ ನಿಮ್ಮ ಅರ್ಜಿಯ ತೂಕವೇ ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಸಿನಿಮಾಗೆ ಹಿಂದಿ, ಪಕ್ಕದ ಮನೆಯವರ ಜೊತೆ ತಮಿಳೋ ತೆಲುಗೋ ಮಾತಾಡುತ್ತಾ ಬೆಳೆದವರು ನಾವು. ಇನ್ನೊಂದು ಭಾಷೆಗೆ ಹೆದರುವುದು ಯಾಕೆ?

ಹೆಜ್ಜೆ 4: ಒಂದೇ ಒಂದು ಪ್ರಶ್ನೆ ಹಿಡಿದು ಕೂರಿ

ಇದು ಈ ಲೇಖನದ ಹೃದಯ ಭಾಗ. ಸರ್ಟಿಫಿಕೇಟ್‌ಗಿಂತ ನೀವೇ ಮಾಡಿದ ಒಂದು ಕೆಲಸ ಮುಖ್ಯ. ನಾನು ಮೊದಲು ಮಾಡಿದ್ದನ್ನೇ ಉದಾಹರಣೆಗೆ ಕೊಡುತ್ತೇನೆ, ಪೆನ್ನು ಹಿಡಿದು ಜೊತೆಗೆ ಲೆಕ್ಕ ಮಾಡಿ.

ಬೇಸ್‌ಬಾಲ್‌ನ ಒಂದು ಸರದಿಗೆ ಮೂರು ಔಟ್. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಮೊದಲ ಬೇಸ್‌ನಲ್ಲಿ ನಿಂತಿರುವ ಓಟಗಾರ, ಪಿಚರ್ ಚೆಂಡು ಎಸೆಯುತ್ತಿದ್ದ ಹಾಗೆ, ಎರಡನೇ ಬೇಸಿಗೆ ಕಳ್ಳನ ಹಾಗೆ ಓಡಬಹುದು. ಮುಟ್ಟಿದರೆ ಲಾಭ, ಸಿಕ್ಕಿಬಿದ್ದರೆ ಔಟ್. ಓಡಬೇಕಾ, ಸುಮ್ನೆ ನಿಂತಿರಬೇಕಾ?

ಡಕ್‌ವರ್ತ್-ಲೂಯಿಸ್ ಲೆಕ್ಕ ನಿಮಗೆ ಗೊತ್ತಲ್ವಾ? ಇಷ್ಟು ಓವರ್, ಇಷ್ಟು ವಿಕೆಟ್ ಉಳಿದಿದ್ದರೆ ಸರಾಸರಿ ಇಷ್ಟು ರನ್ ಬರಬಹುದು ಅನ್ನುವ ಕೋಷ್ಟಕ. ಬೇಸ್‌ಬಾಲ್‌ನಲ್ಲೂ ಅಂಥದ್ದೇ ಒಂದಿದೆ, ರನ್ ಎಕ್ಸ್‌ಪೆಕ್ಟೆನ್ಸಿ. 2010ರಿಂದ 2015ರವರೆಗಿನ ಪಂದ್ಯಗಳ ಕೋಷ್ಟಕ ತೆಗೆದುಕೊಳ್ಳಿ. ಒಂದೂ ಔಟ್ ಆಗಿಲ್ಲ, ಮೊದಲ ಬೇಸ್‌ನಲ್ಲಿ ಒಬ್ಬನಿದ್ದಾನೆ: ಆ ಸರದಿ ಮುಗಿಯುವಷ್ಟರಲ್ಲಿ ಸರಾಸರಿ 0.859 ರನ್ ಬರುತ್ತದೆ. ಅವನೇ ಎರಡನೇ ಬೇಸ್‌ನಲ್ಲಿದ್ದರೆ 1.100. ಸಿಕ್ಕಿಬಿದ್ದು ಒಂದು ಔಟ್ ಆಗಿ ಬೇಸ್‌ಗಳೆಲ್ಲ ಖಾಲಿಯಾದರೆ 0.254.

ಅಂದರೆ ಗೆದ್ದರೆ ಸಿಗುವುದು 0.241 ರನ್. ಸೋತರೆ ಹೋಗುವುದು 0.605. ಕಳೆದುಕೊಳ್ಳುವುದು ಗಳಿಸುವುದರ ಎರಡೂವರೆ ಪಟ್ಟು. 0.605 ಅನ್ನು ಎರಡರ ಮೊತ್ತವಾದ 0.846ರಿಂದ ಭಾಗಿಸಿ. 0.715 ಬಂತಲ್ಲ? ನೂರು ಸಲ ಓಡಿದರೆ 72 ಸಲವಾದರೂ ಮುಟ್ಟಬೇಕು. ಅದಕ್ಕಿಂತ ಕಡಿಮೆಯಾದರೆ ಆ ಓಟಗಾರ, ಎಷ್ಟೇ ಚಪ್ಪಾಳೆ ಗಿಟ್ಟಿಸಿದರೂ, ತಂಡಕ್ಕೆ ನಷ್ಟ ಮಾಡುತ್ತಿದ್ದಾನೆ.

ಇಷ್ಟು ಮಾಡಿ ನಿಲ್ಲಿಸಿದರೆ ನೀವು ಒಳ್ಳೆಯ ವಿದ್ಯಾರ್ಥಿ, ಅಷ್ಟೇ. ಆಫೀಸಿನವರಿಗೆ ಬೇಕಾದದ್ದು ಮುಂದಿನ ಪ್ರಶ್ನೆ. 2023ರಲ್ಲಿ ನಿಯಮ ಬದಲಾಯಿತು. ಬೇಸ್‌ಗಳ ಅಗಲ 15 ಇಂಚಿನಿಂದ 18 ಇಂಚಾಯಿತು. ಪಿಚರ್ ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಎರಡು ಸಲಕ್ಕಿಂತ ಜಾಸ್ತಿ ಓಟಗಾರನ ಕಡೆ ತಿರುಗಿ ಹೆದರಿಸುವುದು ಕಷ್ಟವಾಯಿತು. ಮೂರನೇ ಸಲ ತಿರುಗಿ ಔಟ್ ಮಾಡಲಾಗದಿದ್ದರೆ ಓಟಗಾರನಿಗೆ ಪುಕ್ಕಟೆ ಒಂದು ಬೇಸ್. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳು ಒಂದೇ ವರ್ಷದಲ್ಲಿ 3,503ಕ್ಕೆ ಏರಿದವು. ಮುಟ್ಟಿದವರ ಪ್ರಮಾಣ ನೂರಕ್ಕೆ 80. ಬೇಕಾದದ್ದು 72, ಸಿಗುತ್ತಿರುವುದು 80. ಹಾಗಾದರೆ ಇನ್ನೂ ಜಾಸ್ತಿ ಓಡಬಹುದು ಅಂತಾಯಿತು. ಆದರೆ ಯಾರು ಓಡಬೇಕು?

ಇಲ್ಲಿ ಲ್ಯಾಪ್‌ಟಾಪ್ ಬಿಟ್ಟು ಸ್ಟಾಪ್‌ವಾಚ್ ತೆಗೆದುಕೊಳ್ಳಬೇಕು. ಪಿಚರ್ ಕಾಲೆತ್ತಿದಾಗಿನಿಂದ ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬೀಳಲು ಸುಮಾರು 1.3 ಸೆಕೆಂಡು. ಕ್ಯಾಚರ್ ಹಿಡಿದು, ಎದ್ದು, ಎರಡನೇ ಬೇಸಿಗೆ ಎಸೆದು ಮುಟ್ಟಿಸಲು ಸರಾಸರಿ 2 ಸೆಕೆಂಡು. ಒಟ್ಟು 3.3. ನಿಮ್ಮ ಓಟಗಾರನಿಗೆ ಇರುವ ಸಮಯ ಅಷ್ಟೇ. ಪಿಚರ್ 1.5 ಸೆಕೆಂಡು ತೆಗೆದುಕೊಳ್ಳುವ ನಿಧಾನಸ್ಥನಾದರೆ ಲೆಕ್ಕವೇ ಬೇರೆಯಾಗುತ್ತದೆ. ಈ ಪಿಚರ್, ಈ ಕ್ಯಾಚರ್, ಈ ಓಟಗಾರ, ಈ ಮೂವರನ್ನು ಸೇರಿಸಿ "ಓಡು" ಅಥವಾ "ನಿಲ್ಲು" ಅಂತ ಹೇಳುವ ಒಂದು ಪುಟ ಬರೆದರೆ, ಅದು ತಂಡಕ್ಕೆ ಕೆಲಸಕ್ಕೆ ಬರುವ ವಸ್ತು.

ಒಂದು ಪುಟ ಅಂದೆ. ನಾನು ಬರೆದದ್ದು 14 ಪುಟ. ಒಂದು ತಂಡದವರು ವಿಡಿಯೊ ಸಂದರ್ಶನಕ್ಕೆ ಕರೆದರು. ಹತ್ತು ನಿಮಿಷ ನಾನು ಗ್ರಾಫುಗಳನ್ನು ತೋರಿಸಿದೆ. ಆ ಕಡೆ ಕೂತಿದ್ದವರು ತಡೆದು ಕೇಳಿದರು: "ಸರಿ, ಇವತ್ತು ರಾತ್ರಿ ಏಳನೇ ಇನಿಂಗ್ಸ್, ಒಂದು ರನ್ ಹಿಂದಿದ್ದೇವೆ. ಅವನನ್ನು ಓಡಿಸಲಾ ಬೇಡವಾ?" ನಾನು "ಅದು ಹಲವು ಅಂಶಗಳ ಮೇಲೆ..." ಅಂತ ಶುರು ಮಾಡಿದೆ. ಅವರ ಮುಖ ನೋಡಿದಾಗಲೇ ಮುಗಿಯಿತು ಅಂತ ಗೊತ್ತಾಯಿತು. ಆಮೇಲೆ ಅವರಿಂದ ಫೋನ್ ಬರಲಿಲ್ಲ. ಉತ್ತರ ಮೊದಲ ಸಾಲಿನಲ್ಲಿರಲಿ, ಕಾರಣ ಆಮೇಲೆ.

ಹೆಜ್ಜೆ 5: ಮಾಡಿದ್ದನ್ನು ಕಣ್ಣಿಗೆ ಬೀಳುವ ಕಡೆ ಇಡಿ

ಬೇಸ್‌ಬಾಲ್ ಅಂಕಿಅಂಶದ ಗುರು ಬಿಲ್ ಜೇಮ್ಸ್ ಕ್ಯಾನ್ಸಸ್‌ನ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನಾಗಿದ್ದವರು. ಪಾಳಿಯ ಹೊತ್ತಿನಲ್ಲಿ ಬೇಸ್‌ಬಾಲ್ ಲೆಕ್ಕ ಹಾಕುತ್ತಿದ್ದರು. 1977ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದರು. ರೆಡ್ ಸಾಕ್ಸ್ ಅವರನ್ನು ಕೆಲಸಕ್ಕೆ ಕರೆದದ್ದು 2002ರಲ್ಲಿ, 25 ವರ್ಷ ಕಳೆದಮೇಲೆ. ನೀವು ಅಷ್ಟು ಕಾಯಬೇಕಿಲ್ಲ. ಈಗ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಇದೆ, ಸ್ವಂತ ಬ್ಲಾಗ್ ಇದೆ, ತಂಡದವರು ನಿಜವಾಗಿ ಓದುತ್ತಾರೆ.

ಫರ್ಹಾನ್ ಝೈದಿಯವರ ಕಥೆ ನಮಗೆ ಇನ್ನೂ ಹತ್ತಿರದ್ದು. ಪಾಕಿಸ್ತಾನಿ ಮೂಲದ ಕುಟುಂಬ, ಹುಟ್ಟಿದ್ದು ಕೆನಡಾದಲ್ಲಿ, ಬೆಳೆದದ್ದು ಫಿಲಿಪ್ಪೀನ್ಸ್‌ನಲ್ಲಿ. ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಾಗ ಬೇಸ್‌ಬಾಲ್ ಪ್ರಾಸ್ಪೆಕ್ಟಸ್ ತಾಣದಲ್ಲಿ ಓಕ್ಲಂಡ್ ತಂಡದ ಒಂದು ಜಾಹೀರಾತು ನೋಡಿ ಅರ್ಜಿ ಹಾಕಿದರು. ವೃತ್ತಿಪರವಾಗಿ ಒಂದು ಚೆಂಡನ್ನೂ ಆಡದ ಮನುಷ್ಯ. 2005ರಲ್ಲಿ ಸೇರಿ, ಮುಂದೆ ಡಾಡ್ಜರ್ಸ್‌ಗೆ ಜನರಲ್ ಮ್ಯಾನೇಜರ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಬೇಸ್‌ಬಾಲ್ ವಿಭಾಗದ ಮುಖ್ಯಸ್ಥ ಆದರು.

ಇವತ್ತಿಗೆ ಅಂಥ ಜಾಹೀರಾತುಗಳಿಗೆ ಫ್ಯಾನ್‌ಗ್ರಾಫ್ಸ್ ತಾಣ ನೋಡುತ್ತಿರಿ, ಆಟದ ಕಡೆಯ ಹುದ್ದೆಗಳನ್ನು ಅಲ್ಲಿ ಹಾಕುತ್ತಾರೆ. ವ್ಯಾಪಾರದ ಕಡೆಗೆ ಟೀಮ್‌ವರ್ಕ್ ಆನ್‌ಲೈನ್. ಸೀಸನ್ ಮುಗಿಯುವ ಶರತ್ಕಾಲದಿಂದ ಚಳಿಗಾಲದವರೆಗೆ ನೇಮಕಾತಿ ಜೋರು. ಡಿಸೆಂಬರ್‌ನ ವಿಂಟರ್ ಮೀಟಿಂಗ್ಸ್ ಅಂದರೆ ಎಲ್ಲ ತಂಡದವರೂ ಒಂದೇ ಹೋಟೆಲಿನ ಲಾಬಿಯಲ್ಲಿ ಸೇರುವ ಜಾತ್ರೆ. ಬಾಸ್ಟನ್‌ನ ಸ್ಲೋನ್ ಅನ್ನುವ ಕ್ರೀಡಾ ಅಂಕಿಅಂಶದ ಸಮ್ಮೇಳನವೂ ಹೆಸರುವಾಸಿ. ಆದರೆ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಸೇಬರ್ ಅನ್ನುವ ಸಂಸ್ಥೆಯ ಹೆಸರು. 1971ರಲ್ಲಿ ಶುರುವಾದ ಬೇಸ್‌ಬಾಲ್ ಸಂಶೋಧಕರ ಬಳಗ ಅದು. ಕಾಲೇಜು ತಂಡಗಳಿಗೆ ಡೈಮಂಡ್ ಡಾಲರ್ಸ್ ಅನ್ನುವ ಸ್ಪರ್ಧೆ ನಡೆಸುತ್ತಾರೆ. ಜನರಲ್ ಮ್ಯಾನೇಜರ್ ಎದುರಿಸುವಂಥ ಒಂದು ಸಮಸ್ಯೆ ಕೊಟ್ಟು ಉತ್ತರ ಕೇಳುತ್ತಾರೆ. ತೀರ್ಪುಗಾರರಲ್ಲಿ ತಂಡಗಳ ಆಫೀಸಿನವರೇ ಇರುತ್ತಾರೆ. ಇದಕ್ಕಿಂತ ಒಳ್ಳೆಯ ಪರಿಚಯದ ದಾರಿ ಬೇಕಾ?

ಹೆಜ್ಜೆ 6: ಟಾರ್ಪಾಲು ಎಳೆಯಿರಿ

ಮೇಜರ್ ಲೀಗ್ ಸಿಗದಿದ್ದರೆ ಮೈನರ್ ಲೀಗ್. ಅಲ್ಲಿ ಹುದ್ದೆಯ ಹೆಸರು ಏನೇ ಇರಲಿ, ಎಲ್ಲರೂ ಎಲ್ಲ ಕೆಲಸ ಮಾಡಬೇಕು. ನನ್ನದು ಟಿಕೆಟ್ ವಿಭಾಗದ ಇಂಟರ್ನ್ ಕೆಲಸ. ಮೊದಲ ವಾರವೇ ಐದನೇ ಇನಿಂಗ್ಸ್‌ನಲ್ಲಿ ಮಳೆ ಬಂತು. ಅಕೌಂಟ್ಸ್‌ನವರು, ಮಾರ್ಕೆಟಿಂಗ್‌ನವರು, ಜನರಲ್ ಮ್ಯಾನೇಜರ್ ಸಮೇತ ಎಲ್ಲರೂ ಮೈದಾನಕ್ಕೆ ಓಡಿದರು. ಒಂದೊಂದು ಬದಿಯೂ ಸುಮಾರು 170 ಅಡಿ ಇರುವ ಟಾರ್ಪಾಲು. ಗಾಳಿ ಅದರ ಕೆಳಗೆ ನುಗ್ಗಿದರೆ ಮನುಷ್ಯರನ್ನೇ ಎತ್ತಿಬಿಡುತ್ತದೆ. ಪಕ್ಕದಲ್ಲಿದ್ದವನು "ಕೈ ಬಿಡು, ಬಿಡು" ಅಂತ ಕೂಗುವಷ್ಟರಲ್ಲಿ ನಾನು ಕೆಸರಿನಲ್ಲಿ ಮಕಾಡೆ ಬಿದ್ದಿದ್ದೆ. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು. ಪ್ರೇಕ್ಷಕರಿಂದ ಆಟಗಾರರಿಗೂ ಸಿಗದಷ್ಟು ಚಪ್ಪಾಳೆ. ಮರುದಿನದಿಂದ ಆಫೀಸಿನಲ್ಲಿ ಎಲ್ಲರಿಗೂ ನನ್ನ ಹೆಸರು ಗೊತ್ತಿತ್ತು, ಉಚ್ಚಾರಣೆ ಮಾತ್ರ ಕೊನೆಯವರೆಗೂ ಬರಲಿಲ್ಲ.

ಟಿಕೆಟ್ ಮಾರುವುದರಲ್ಲಿ ಗುಂಪು ಮಾರಾಟವೇ ದೊಡ್ಡದು. ಚರ್ಚು, ಶಾಲೆ, ಆಫೀಸುಗಳಿಗೆ ಫೋನ್ ಮಾಡುತ್ತಲೇ ಇರಬೇಕು. ದಿನಕ್ಕೆ ಎಷ್ಟು ಫೋನ್ ಅಂತ ಲೆಕ್ಕ ಇಡುತ್ತಾರೆ. ಎರಡು ವಾರ ಒಂದೂ ಗಿಟ್ಟಲಿಲ್ಲ. ಕೊನೆಗೆ ಆ ಊರಿನ ಕನ್ನಡ ಕೂಟದವರಿಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆ: "ಎಷ್ಟು ಗಂಟೆಗೆ ಮುಗಿಯುತ್ತೆ?" ಎರಡನೆಯದು: "ವೆಜ್ ಏನ್ ಸಿಗುತ್ತೆ?" ನ್ಯಾಚೋಸ್, ಪಾಪ್‌ಕಾರ್ನ್, ಪ್ರೆಟ್ಜೆಲ್ ಅಂತ ಪಟ್ಟಿ ಕೊಟ್ಟೆ. 64 ಟಿಕೆಟ್ ಹೋಯಿತು! ಅರ್ಧ ಜನ ಮನೆಯಿಂದ ಚಿತ್ರಾನ್ನ ತಂದು ಗೇಟಿನಲ್ಲಿ ಸಿಕ್ಕಿಹಾಕಿಕೊಂಡರು, ಅದು ಬೇರೆ ಕಥೆ. ನಿಮ್ಮ ಹಿಂದೆ ಒಂದು ಸಮುದಾಯ ಇದ್ದರೆ ವ್ಯಾಪಾರದ ಕಡೆಯಲ್ಲಿ ಅದು ನಿಜವಾದ ಆಸ್ತಿ. ಹಲವು ತಂಡಗಳು ಈಗ ಭಾರತೀಯರಿಗಾಗಿಯೇ ಒಂದು ಹೆರಿಟೇಜ್ ನೈಟ್ ಇಡುತ್ತವೆ. ಅದನ್ನು ನಡೆಸಿಕೊಡಲು ಯಾರಾದರೂ ಬೇಕಲ್ಲ.

ಸಂಬಳದ ಬಗ್ಗೆ ಕನಸು ಬೇಡ. ಇಂಟರ್ನ್‌ಗೆ ಗಂಟೆ ಲೆಕ್ಕ. ಪಂದ್ಯದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಹನ್ನೊಂದು. ಅಷ್ಟೇ ಓದಿದ ಗೆಳೆಯರು ಸಾಫ್ಟ್‌ವೇರ್‌ನಲ್ಲಿ ಇದರ ಎಷ್ಟೋ ಪಟ್ಟು ತೆಗೆದುಕೊಳ್ಳುತ್ತಿರುತ್ತಾರೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹೆಜ್ಜೆ 7: ಬಾಯಿ ಭದ್ರ, ಬೆನ್ನು ಗಟ್ಟಿ

ಸಂದರ್ಶನದಲ್ಲಿ ಹಿಂದಿನ ತಂಡದ ಒಳಗಿನ ಲೆಕ್ಕಾಚಾರ ಹೇಳಿ ದೊಡ್ಡವರಾಗಲು ಹೋಗಬೇಡಿ. ಇಲ್ಲಿ ಹೇಳುವವನು ನಾಳೆ ಅಲ್ಲೂ ಹೇಳುತ್ತಾನೆ ಅಂತ ಅವರಿಗೆ ಗೊತ್ತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಸ್ಕೌಟಿಂಗ್ ನಿರ್ದೇಶಕರಾಗಿದ್ದ ಕ್ರಿಸ್ ಕೊರಿಯಾ, ಹ್ಯೂಸ್ಟನ್ ಆಸ್ಟ್ರೋಸ್‌ಗೆ ಹೋದ ಹಳೇ ಸಹೋದ್ಯೋಗಿಯ ಹಳೇ ಪಾಸ್‌ವರ್ಡ್ ಹಿಡಿದು ಹೊಸದನ್ನು ಊಹಿಸಿ, ಆ ತಂಡದ ದತ್ತಾಂಶದೊಳಗೆ ನುಗ್ಗಿದ್ದರು. 2016ರಲ್ಲಿ 46 ತಿಂಗಳ ಜೈಲು ಶಿಕ್ಷೆ ಆಯಿತು. ಕಾರ್ಡಿನಲ್ಸ್ 20 ಲಕ್ಷ ಡಾಲರ್ ಮತ್ತು ಎರಡು ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನು) ಆಸ್ಟ್ರೋಸ್‌ಗೆ ಕೊಡಬೇಕಾಯಿತು.

ಹೆಣ್ಣುಮಕ್ಕಳು "ನಮಗೆ ಅಲ್ಲಿ ಜಾಗ ಇದೆಯಾ" ಅಂತ ಕೇಳಿದರೆ ಕಿಮ್ ಆಂಗ್ ಅವರ ಲೆಕ್ಕ ಹೇಳುತ್ತೇನೆ, ಸಕ್ಕರೆ ಸವರದೆ. 1990ರಲ್ಲಿ ಶಿಕಾಗೊ ವೈಟ್ ಸಾಕ್ಸ್‌ನಲ್ಲಿ ಇಂಟರ್ನ್. 1998ರಲ್ಲಿ 29ನೇ ವಯಸ್ಸಿಗೆ ಯಾಂಕೀಸ್‌ನ ಸಹಾಯಕ ಜನರಲ್ ಮ್ಯಾನೇಜರ್. 2005ರಲ್ಲಿ ಮೊದಲ ಸಲ ಜನರಲ್ ಮ್ಯಾನೇಜರ್ ಹುದ್ದೆಗೆ ಸಂದರ್ಶನ. ಆಮೇಲೂ ಸಂದರ್ಶನ, ಸಂದರ್ಶನ, ಸಂದರ್ಶನ. ಮಯಾಮಿ ಮಾರ್ಲಿನ್ಸ್ ಆ ಹುದ್ದೆ ಕೊಟ್ಟದ್ದು 2020ರ ನವೆಂಬರ್‌ನಲ್ಲಿ. ಮೇಜರ್ ಲೀಗ್‌ನ ಮೊದಲ ಮಹಿಳಾ ಜನರಲ್ ಮ್ಯಾನೇಜರ್. ಜಾಗ ಇದೆ. ಅದೇ ಅರ್ಹತೆಯ ಗಂಡಸಿಗೆ 15 ವರ್ಷ ಕಾಯಿಸುತ್ತಿದ್ದರಾ ಅಂತ ನನಗೆ ಅನುಮಾನ.

ಹೆಜ್ಜೆ 8: ವೀಸಾ ಮಾತು ಮುಚ್ಚಿಡಬೇಡಿ

ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರು ಇದನ್ನು ಬಿಟ್ಟು ಮುಂದೆ ಹೋಗಿ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಮಾತ್ರ ಎರಡು ಸಲ ಓದಿ.

ಓದುತ್ತಿರುವಾಗ ಹೊರಗೆ ಇಂಟರ್ನ್‌ಶಿಪ್ ಮಾಡಲು ಕಾಲೇಜಿನಿಂದ ಸಿಪಿಟಿ ಪರವಾನಗಿ ಬೇಕು. "ಸುಮ್ನೆ ಹೋಗಿ ಸಹಾಯ ಮಾಡ್ತೀನಿ" ಅಂತ ಪರವಾನಗಿ ಇಲ್ಲದೆ ಪಂದ್ಯದ ದಿನದ ಕೆಲಸಕ್ಕೆ ನಿಂತರೂ ತೊಂದರೆ ಆಗಬಹುದು. ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ. ಓದು ಮುಗಿದಮೇಲೆ ಒಪಿಟಿ ಅನ್ನುವ ಕೆಲಸದ ಪರವಾನಗಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪದವಿಯಾದರೆ ಇನ್ನೂ 24 ತಿಂಗಳು ಸಿಗುತ್ತದೆ. ಆದ್ದರಿಂದ ಕ್ರೀಡಾ ನಿರ್ವಹಣೆಯ ಪದವಿ ಸೇರುವ ಮುಂಚೆ ಅದು ಸ್ಟೆಮ್ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಸಂಖ್ಯಾಶಾಸ್ತ್ರ, ಡೇಟಾ ಸೈನ್ಸ್ ಓದಿದರೆ ಈ ತಲೆನೋವು ಕಡಿಮೆ, ಬೇಸ್‌ಬಾಲ್ ಕೈಕೊಟ್ಟರೂ ಹೊಟ್ಟೆಗೆ ದಾರಿ ಇರುತ್ತದೆ. ಆಮೇಲಿನದು ಎಚ್-1ಬಿ ಅನ್ನುವ ಕೆಲಸದ ವೀಸಾದ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅನ್ನುವ ಆದೇಶ ಬಂದಮೇಲೆ, ಬೆಂಗಳೂರಿನಲ್ಲಿ ಕೂತು ನೇರವಾಗಿ ಅರ್ಜಿ ಹಾಕುವುದು ಇನ್ನೂ ಕಷ್ಟವಾಗಿದೆ.

ತಂಡ ವೀಸಾಕ್ಕೆ ಪ್ರಾಯೋಜಕರಾಗುತ್ತದಾ ಅನ್ನುವುದನ್ನು ಮೊದಲ ಸುತ್ತಿನಲ್ಲೇ ಕೇಳಿ. ಮೂರು ಸುತ್ತು ಮುಗಿಸಿ, ಮೂರು ರಾತ್ರಿ ನಿದ್ದೆಗೆಟ್ಟು ಅವರು ಕೊಟ್ಟ ಲೆಕ್ಕ ಬಿಡಿಸಿ, ಆಮೇಲೆ "ಕ್ಷಮಿಸಿ" ಅನ್ನಿಸಿಕೊಂಡವನು ನಾನು. ಕೇಳಿದ್ದಕ್ಕೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ ತುಂಬ ಜನರಿಗೆ ಹೊಳೆಯುವುದೇ ಇಲ್ಲ. 30 ತಂಡಗಳಲ್ಲಿ ಒಂದು ಅಮೆರಿಕದಲ್ಲಿಲ್ಲ. ಟೊರಾಂಟೊ ಬ್ಲೂ ಜೇಸ್ ಕೆನಡಾದ್ದು. ಅಲ್ಲಿ ಅರ್ಹ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಮೂರು ವರ್ಷದವರೆಗೂ ಕೆಲಸದ ಪರವಾನಗಿ ಸಿಗಬಹುದು. ಅದಕ್ಕೆ ಯಾವ ಕಂಪನಿಯ ಪ್ರಾಯೋಜನೆಯೂ ಬೇಡ, ಲಾಟರಿಯೂ ಇಲ್ಲ. ಕೆನಡಾಕ್ಕೆ ಓದಲು ಹೊರಟಿರುವವರು ನಿಮ್ಮ ಮನೆಯಲ್ಲಿದ್ದರೆ, ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬ್ಲೂ ಜೇಸ್‌ನ 40 ಜನರ ಹೆಸರು ಬರೆಯಲು ಹೇಳಿ.